ಸಿಮೆಂಟಿನ ಚೀಲಕ್ಕಿಂತ ಹಗುರ

ಹೋದ ತಿಂಗಳು ದವಾಖಾನ್ಯಾಗ ನರ್ಸಬಾಯಿ ನನಗ ತೂಕದ ಕಾಟಾದ ಮ್ಯಾಲ ನಿಲ್ಲಂದ್ಲು. ನಾ ಚಪ್ಪಲಿ ಬಿಟ್ಟೆ. ಸೆರಗಿನ್ಯಾಗ ಕಟ್ಟಿದ್ದ ಚಿಲ್ಲರ ಬಿಚ್ಚಿ ಮೊಮ್ಮಗಳ ಕೈಯಾಗ ಕೊಟ್ಟೆ. ಬಳಿ ಕಳದೆ. ಕಿವ್ಯಾಗಿನ ಬೆಂಡೋಲಿ ತಿರುವಾಕ ಹತ್ತಿದಾಗ ನರ್ಸಬಾಯಿ "ರಾಹೂ ದೇ ಆಜಿ", ಇರ್ಲಿ ಬಿಡು ಅಜ್ಜಿ, ಅಂತ ನಕ್ಕಳು. ಹಿಂದ ಪಾಳೆ ನಿಂತಾವರೂ ನಕ್ಕರು. ಮೊಮ್ಮಗಳು ತನ್ನ ಅರ್ಧ ಹಿಂದಿ ಅರ್ಧ ಕನ್ನಡದಾಗ "ಆಯಿ, ಯೇ ಕ್ಯಾ, ಎಲ್ಲಾ ಯಾಕ ತಗೀತಿ?" ಅಂತ ಕೇಳಿದ್ಲು. ಕಾಟಾ ಕಂಡ್ರ ಮೈಮ್ಯಾಲಿಂದು ತಗ್ಯಾಕ ನನ್ನ ಕೈ ತಾನ ಹೋಗ್ತದ. ಅದು ಒಂದು ವರ್ಷದಾಗ ಹತ್ತಿದ ಚಟ, ಇನ್ನೂ ಬಿಟ್ಟಿಲ್ಲ.

ಅದು ರೇಶನ್ನಿನ್ಯಾಗ ಕೆಂಪು ಜ್ವಾಳ ಬರ್ತಿದ್ದ ವರ್ಷ. ಎಪ್ಪತ್ತೆರಡೋ ಎಪ್ಪತ್ತಮೂರೋ. ನಾವು ಚೆಂಬೂರಿನ ಆಚೆ ಸಮುದ್ರದ ಖಾಡಿ ಕಡೆ ಝೋಪಡಪಟ್ಟ್ಯಾಗ ಇದ್ವಿ. ಗಾಳಿ ತಿರುಗಿತಂದ್ರ ರಿಫೈನರಿ ವಾಸನಿ ಉಣ್ಣೂ ಗಂಗಾಳದಾಗ ಬಂದು ಕೂಡ್ತಿತ್ತು. ಝೋಪಡಿ ಸಾಲಿನ್ಯಾಗ ಬಹಳ ಮಂದಿ ವಿಜಾಪುರದ ಕಡೆಯವರು, ಬಿಲ್ಡಿಂಗಿನ ಕೆಲಸದವರು. ಗಂಡಸರು ಸಿಮೆಂಟಿನ ಚೀಲ ಹೊರ್ತಿದ್ರು, ನಾವು ಹೆಂಗಸರು ಕಲಸಿದ ಸಿಮೆಂಟು ಘಮೇಲಾದಾಗ ತುಂಬಿ ತಲಿಮ್ಯಾಲ ಹೊರ್ತಿದ್ವಿ. ನನಗ ಆವಾಗ ಹದಿನೇಳು ಇರಬೇಕು. ಅವ್ವ ರೇಶನ್ ಆಫೀಸಿನವರ ಮುಂದ ಹದಿನೈದು ಅಂತಿದ್ಲು, ಮದುವಿ ಮಾತು ಬಂದ್ರ ಹದಿನೆಂಟು ಅಂತಿದ್ಲು.

ಮದುವಿ ಮಾತು ದಿನಾ ಬರ್ತಿತ್ತು. ಅಪ್ಪ ಇರಲಿಲ್ಲ. ಅವ್ವನ ತಮ್ಮ ಶಿವಪ್ಪಮಾವ ಊರಾಗಿದ್ದ. ಹೆಂಡ್ತಿ ಸತ್ತಿದ್ಲು, ಎರಡು ಸಣ್ಣ ಮಕ್ಕಳಿದ್ವು. ಅಕಿನ್ನ ಮಣ್ಣು ಮಾಡಿ ಬಂದವರು ಕೈಕಾಲು ತೊಳಕೊಂಡು ಕುಂತಲ್ಲೇ ನನ್ನ ಹೆಸರು ತಗದ್ರಂತ. ನಾ ಒಲ್ಲೆ ಅಂದೆ. ಒಲ್ಲೆ ಅಂದ್ರ ಕೇಳಾವರು ಯಾರೂ ಇರಲಿಲ್ಲ. ಆದ್ರ ನನ್ನ ಕಡೆ ಒಂದು ಆಟ ಇತ್ತು.

ನಮ್ಮ ಮುಕಾದಮ ಭೀಮಣ್ಣಕಾಕಾ ಕಬಡ್ಡಿ ಹುಚ್ಚಿನ ಮನಷಾ. ಕೆಲಸಕ್ಕ ಮಂದಿ ಹಚ್ಚೂದು, ಹಾಜರಿ ತಗೊಳ್ಳೂದು ಅವನ ದಂಧೆ. ಕೆಲಸ ಬಿಟ್ಟ ಮ್ಯಾಲ ಖಾಡಿ ಬದಿ ಬಯಲಾಗ ಹೆಂಗಸರಿಗೆ ಕಬಡ್ಡಿ ಆಡಸ್ತಿದ್ದ. ಆವಾಗ ಮುಂಬೈದಾಗ ಮರಾಠಿ ಹುಡುಗ್ಯಾರು ಬಹಳ ಆಡತಿದ್ರು. ಅವರದು ನೋಡಿ ಇವನೂ ಒಂದು ತಂಡ ಕಟ್ಟಿದ. ಮೊಣಕಾಲ ತನಕ ಚಡ್ಡಿ ಹೊಲಿಸಿ ಕೊಟ್ಟ. ಮೊದಲ ವರ್ಷ ಮಂದಿ ಕಾಲು ನೋಡಾಕ ಬಂದ್ರು. ಎರಡನೇ ವರ್ಷ ಆಟ ನೋಡಾಕ ಬಂದ್ರು. ಮೂರನೇ ವರ್ಷ ತಂಡ ಒಡೀತು. ಇಬ್ಬರ ಮದುವಿ ಆತು, ಒಬ್ಬಾಕಿ ಸೋಲಾಪುರಕ್ಕ ಹೋದ್ಲು, ಇನ್ನ ನಮ್ಮ ದೊಡ್ಡ ಆಟಗಾರ್ತಿ ಗಂಗಿ ಬಸುರಾದ್ಲು. ಗಂಗಿ ಹೋದ್ರ ತಂಡ ಹೋದಂಗ. ಕಬಡ್ಡ್ಯಾಗ ಹಿಡಿಯೋರು ಎಷ್ಟು ಮಂದಿ ಇದ್ರೂ ಆ ಕಡೆ ನುಗ್ಗಿ, ಮುಟ್ಟಿ, ದಮ್ ಬಿಡದ ಹೊಳ್ಳಿ ಬರಾಕಿ ಒಬ್ಬಾಕಿ ಬೇಕು. ಯಾವಾಗ ನುಗ್ಗಬೇಕು, ಯಾವಾಗ ಬರಿಗೈಲೆ ಹೊಳ್ಳಬೇಕು, ಅಕಿ ತಲ್ಯಾಗ ಇರಬೇಕು. ಉಳದಾವರು ಅಕಿ ಮಾರಿ ನೋಡಿ ಆಡ್ತಾರ.

ಆ ವರ್ಷ ಸಂಕ್ರಾಂತಿ ಮುಂದ ಕುರ್ಲಾದ ಕಡೆ ಒಂದು ಟೂರ್ನಮೆಂಟ್ ಇತ್ತು. ಬಲ್ಬ್ ಮಾಡೂ ಒಂದು ಕಾರ್ಖಾನಿ ಸಾಹೇಬ ನೋಡಾಕ ಬರ್ತಾನಂತ ಸುದ್ದಿ ಬಂತು. ಕಾರ್ಖಾನಿಯವರು ತಮ್ಮದೂ ಹೆಂಗಸರ ತಂಡ ಕಟ್ಟಾವರಿದ್ರು, ಚೊಲೊ ಆಡೋರಿಗೆ ಪ್ಯಾಕಿಂಗ್ ಖಾತೆದಾಗ ಕಾಯಂ ನೌಕರಿ ಕೊಡಾವರಿದ್ರು. ಕಾಯಂ ಅಂದ್ರ ನೆಳ್ಳಾಗ ಕೆಲಸ, ಮಳಿಗಾಲದಾಗೂ ಪಗಾರ. ಅವ್ವ ನನಗ ಒಂದ ಮಾತು ಅಂದ್ಲು. "ಸಾಹೇಬ ನಿನ್ನ ತಗೊಂಡ್ರ ಶಿವಪ್ಪಗ ಇನ್ನೊಂದು ಹುಡುಗಿ ನೋಡೂಣು. ಇಲ್ಲಂದ್ರ ಸಂಕ್ರಾಂತಿ ಮುಗಿಸಿ ಊರಿಗೆ ನಡಿ."

ಮಳಿ ನಿಂತು ಬಯಲು ಒಣಗಾಕ ಹತ್ತಿದ ಮ್ಯಾಲ ಒಂದು ಆಯ್ತವಾರ ನೀಲವ್ವ ಬಂದ್ಲು.

ನೀಲವ್ವ ದಹಿಸರದಾಗ ಇರಾಕಿ. ಗಂಡ ಅಲ್ಲಿ ಕಲ್ಲಿನ ಖಣ್ಯಾಗ ಕೆಲಸಕ್ಕಿದ್ದ. ಅಕಿ ಲಗ್ನಕ್ಕ ಮೊದಲು ದಾದರದ ಕಡೆ ಒಂದು ದೊಡ್ಡ ಸಂಘದಾಗ ಆಡಿದಾಕಿ, ಅಕಿ ಹೆಸರು ಭೀಮಣ್ಣಕಾಕಾಗ ಗೊತ್ತಿತ್ತು. ಮೂರು ಲೋಕಲ್ ಬದಲಿಸಿ ಬಂದಿದ್ಲು, ಬಗಲಾಗ ಒಂದು ಹೆಣ್ಣುಕೂಸು. ಮೂವತ್ತು ದಾಟಿತ್ತು. ಮೈಮ್ಯಾಲ ಮಾಂಸ ಅಂಬೂದು ಇರಲಿಲ್ಲ, ಬರೇ ನರ. ಕೂಸಿನ್ನ ಅವ್ವನ ತೊಡಿಮ್ಯಾಲ ಇಟ್ಟು, ಸೀರಿ ಕಚ್ಚಿ ಹಾಕಿ, "ಯಾರು ನಿಮ್ಮ ಹೊಸ ಹುಡುಗಿ, ಬರ್ಲಿ ನನ್ನ ಮ್ಯಾಲ" ಅಂದ್ಲು.

ನಾ ಹೋದೆ. ಮೂರು ಸಲ ಹೋದೆ, ಮೂರು ಸಲನೂ ನನ್ನ ನೆಲಕ್ಕ ಕೆಡವಿದ್ಲು. ಆಮ್ಯಾಲ ಧೂಳ ಝಾಡಿಸಿ, "ಕಾಲು ಅದಾವ, ದಮ್ಮೂ ಅದ, ಕಣ್ಣ ಇಲ್ಲ" ಅಂದ್ಲು. ನನ್ನ ಬಾಜೂಕ ಕುಂತು ಹೇಳಿದ್ಲು: "ಹುಡುಗಿ, ಹಿಡಿಯಾಕಿ ಕೈ ನೋಡಬ್ಯಾಡ. ಕೈ ಸುಳ್ಳ ಹೇಳ್ತಾವ. ಹಿಮ್ಮಡಿ ನೋಡು. ಜಿಗಿಯಾಕಿ ಮೊದಲು ಹಿಮ್ಮಡಿ ಎತ್ತತಾಳ." ಅದನ್ನ ಕೇಳಿ ಹೋದೆ, ನಾಕನೇ ಸಲ ಮುಟ್ಟಿ ಹೊಳ್ಳಿ ಬಂದೆ. ನೀಲವ್ವ ನಕ್ಕಳು. "ಇದು ಅರ್ಧ ಪಾಠ. ಇನ್ನ ಅರ್ಧಕ್ಕ ಒಂದು ವರ್ಷ ಬೇಕು" ಅಂದ್ಲು.

ಭೀಮಣ್ಣಕಾಕಾಗ ಅಕಿ ಹೇಳಿದ್ದು ಇಷ್ಟ. "ಈ ವರ್ಷ ನಾ ಮುಂದ ಹೋಗಿ ಆಡ್ತೀನಿ. ಇಕಿ ನನ್ನ ಬಾಜೂಕ ನಿಂತು ಹಿಡೀಲಿ, ನೋಡ್ಲಿ. ಬರೂ ವರ್ಷ ಇಕಿ ಮುಂದ ಹೋಗ್ಲಿ, ನಾ ಹಿಂದ ನಿಲ್ತೀನಿ. ನನ್ನೂ ಸಂಘದಾಗ ತಗೋರಿ ಅಣ್ಣಾ. ದಾದರದವರು ಕೂಸಿನ ತಾಯಿನ್ನ ಒಲ್ಲೆ ಅಂದ್ರು."

ಅಕಿ ಲೋಕಲ್ ಹಿಡಿಯಾಕ ಹೋದ ಮ್ಯಾಲ ಸಾಲಿನವರೆಲ್ಲ ಬಯಲಾಗ ಕುಂತು ಮಾತಾಡಿದ್ವಿ. ನಮ್ಮ ತಂಡದಾಗ ಹಳೇ ಹಿಡಿಯಾಕಿ ಸಾವಂತ್ರಿ ಒಬ್ಬಾಕಿನ ನೀಲವ್ವನ ಕಡೆ ಇದ್ಲು. ನನ್ನ ಕಡೆ ಕೈ ಮಾಡಿ, "ಈ ಕಾಶಿ ನುಗ್ಗೂದು ನೋಡೀರೇನು, ರೇಶನ್ ಪಾಳೆದಾಗ ನುಗ್ಗಿದಂಗ ನುಗ್ಗತಾಳ. ನೀಲಕ್ಕನ್ನ ಕರೀರಿ. ಇಕಿ ಎಲ್ಲಿಗಿ ಓಡಿ ಹೊಂಟಾಳ" ಅಂದ್ಲು.

"ಊರಿಗೆ ಹೊಂಟಾಳ" ಅಂದ್ಲು ಅವ್ವ. "ಮುಂದ ಹೋಗಿ ಆಡಾಕಿ ನೀಲವ್ವ ಆದ್ರ ಸಾಹೇಬ ನೋಡೂದು ಯಾರನ್ನ? ನನ್ನ ಮಗಳು ಬಾಜೂಕ ನಿಂತಿದ್ಲಂತ ನೌಕರಿ ಕೊಡ್ತಾನೇನು?"

"ಅದೂ ಖರೆ" ಅಂದ ಭೀಮಣ್ಣಕಾಕಾ. ಅವನ ಮನಸ್ಸಿನ್ಯಾಗ ಇನ್ನೊಂದು ಇತ್ತು, ಅದನ್ನೂ ಬಾಯಿಬಿಟ್ಟು ಹೇಳಿದ. "ಗೆದ್ರ ದಹಿಸರದ ಹೆಂಗಸು ಗೆಲ್ಲಿಸಿದ್ಲು ಅಂತಾರ. ಅಕಿಗೆ ವಯಸ್ಸಾತು, ಇವತ್ತು ಬಂದಾಳ, ನಾಳೆ ಮೊಣಕಾಲು ಹೋತಂದ್ರ ಬರಂಗಿಲ್ಲ. ನಮ್ಮ ಹುಡುಗಿನ್ನ ನಾವ ತಯಾರ ಮಾಡೂಣು. ಇಕಿಗೆ ಕಡಿಮಿ ಇರೂದು ಒಂದ, ತಾಕತ್ತು. ನೋಡ್ರಿ ಹೆಂಗದಾಳ, ಗಾಳಿ ಬಂದ್ರ ಹಾರತಾಳ. ಇಕಿಗೆ ಉಣಸ್ರಿ."

ಯಾರೂ ನನ್ನ ಕೇಳಲಿಲ್ಲ. ಕೇಳಿದ್ರ ನಾನೂ ಅದನ್ನ ಅಂತಿದ್ದೆ. ಹದಿನೇಳು ವರ್ಷದ ಹುಡುಗಿಗೆ ನೀನ ಮುಂದ ಹೋಗು ಅಂದ್ರ ಬ್ಯಾಡ ಅಂತಾಳೇನು. ದಹಿಸರಕ್ಕ ಬ್ಯಾಡಂತ ಸುದ್ದಿ ಕಳಿಸಿದ್ರು. ನೀಲವ್ವ ಘಾಟಕೋಪರದ ಒಂದು ಸಂಘಕ್ಕ ಸೇರಿದ್ಲಂತ ಆಮ್ಯಾಲ ತಿಳೀತು.

ಅವತ್ತಿನಿಂದ ಸಾಲಿನವರು ನನಗ ಉಣಸಾಕ ಹತ್ತಿದ್ರು. ನಾ ಅದಕ್ಕಿಂತ ಮೊದಲು ಹೊಟ್ಟಿ ತುಂಬ ಉಂಡಿದ್ದು ನೆನಪಿಲ್ಲ. ಮನ್ಯಾಗ ಗಂಡಹುಡುಗರು, ನನ್ನ ತಮ್ಮಂದಿರು, ಉಂಡ ಮ್ಯಾಲ ಉಳದದ್ದು ನನಗ, ನಾ ಉಂಡು ಉಳದದ್ದು ಅವ್ವಗ. ಆ ವರ್ಷ ಬೆಳಕ ಹರಿಯೂದರಾಗ ಗಂಗಿ ತನ್ನ ಬಸರಿ ಹೊಟ್ಟಿ ಹೊತಗೊಂಡು ಬಂದು ಶೇಂಗಾ ಬೆಲ್ಲ ಕೊಡತಿದ್ಲು. ಮಧ್ಯಾಹ್ನ ಯಾರದರ ಡಬ್ಬಿಯಿಂದ ಒಂದು ರೊಟ್ಟಿ ಹೆಚ್ಚಿಗಿ ಬರ್ತಿತ್ತು, ಎಣ್ಣಿ ಹಾಕಿದ ಖಾರಬ್ಯಾಳಿ ಜೋಡಿ. ಬಾಜೂ ಝೋಪಡಿ ಹಸೀನಾಬೀ, ಅಕಿ ಗಂಡ ಧಾರಾವ್ಯಾಗ ಚರ್ಮದ ಕೆಲಸಕ್ಕ ಹೋಗಾಂವ, ಶುಕ್ರವಾರ ಕುರಿಕಾಲಿನ ರಸ ಮಾಡಿ ಬಟ್ಟಲಾಗ ತರ್ತಿದ್ಲು. "ಕುಡಿ ಬೇಟಾ, ಮೊಣಕಾಲು ಲೋಖಂಡದಂಗ ಗಟ್ಟಿ ಆಗ್ತಾವ." ಅವ್ವ ನಾವು ಅದನ್ನ ತಿನ್ನಂಗಿಲ್ಲ ಅಂತ ಹೇಳಿ ಹೊರಗ ಹೋಗಿ ನಿಲ್ತಿದ್ಲು. ನಾ ಕುಡಿಯೂ ತನಕ ಒಳಗ ಬರ್ತಿರಲಿಲ್ಲ.

ಭೀಮಣ್ಣಕಾಕಾ ನನ್ನ ಘಮೇಲಾದಿಂದ ಬಿಡಿಸಿ ಸ್ಲ್ಯಾಬಿಗೆ ನೀರು ಹೊಡ್ಯಾಕ ಹಚ್ಚಿದ. ಹೊಸಾ ಸ್ಲ್ಯಾಬಿನ ಮ್ಯಾಲ ಪೈಪು ಹಿಡಕೊಂಡು ನಿಂತ್ರ ಆತು, ಅದೊಂದು ರಾಣಿ ಕೆಲಸ. ಸಾವಂತ್ರಿ ಕೆಳಗಿಂದ ತಲಿಮ್ಯಾಲ ಘಮೇಲಾ ಹೊತಗೊಂಡು ನೋಡಿ ಅಂತಿದ್ಲು, "ಏನ್ ಕಾಶೀಬಾಯಿ, ಮಳಿ ಹೆಂಗ ಬಂದದ ಮ್ಯಾಲ?" ಸಂಜಿಮುಂದ ಆಟ. ಕಾಲಾಗ ಹೊಸಾ ಜೋರು ಬಂದಿತ್ತು. ಮೊದಲೆಲ್ಲ ಮೂವರು ಹಿಡದ್ರ ಸಿಗತಿದ್ದೆ, ಈಗ ಮೂವರನ್ನ ಎಳಕೊಂಡು ಗೆರಿ ದಾಟತಿದ್ದೆ. ಭೀಮಣ್ಣಕಾಕಾ ಮಂದಿಗೆಲ್ಲ ತೋರಿಸಿ ಹೇಳ್ತಿದ್ದ, "ನೋಡ್ರಿ, ದಹಿಸರ ಬೇಕಂತಿದ್ರಿ."

ಆದ್ರ ಆ ಟೂರ್ನಮೆಂಟಿಗೆ ಒಂದು ಕಾಯದೆ ಇತ್ತು. ಐವತ್ತು ಕಿಲೋಕ್ಕಿಂತ ಹೆಚ್ಚಿಗಿ ತೂಕದಾಕಿ ಆಡೂ ಹಂಗಿಲ್ಲ. ಇದು ಎಲ್ಲಾರಿಗೂ ಗೊತ್ತಿತ್ತು. ಐವತ್ತು ಕಿಲೋ ಅಂದ್ರ ಎಷ್ಟು ಅನ್ನೂದೂ ಎಲ್ಲಾರಿಗೂ ಗೊತ್ತಿತ್ತು, ಯಾಕಂದ್ರ ಸಿಮೆಂಟಿನ ಚೀಲ ಐವತ್ತು ಕಿಲೋ. ಭೀಮಣ್ಣಕಾಕಾ ಇಪ್ಪತ್ತು ವರ್ಷ ಅದನ್ನ ಹೊತ್ತಾಂವ. ಆಯ್ತವಾರಕ್ಕೊಮ್ಮೆ ಬಯಲಾಗ ನನ್ನ ಹೆಗಲಮ್ಯಾಲ ಎತ್ತಿ ನಾಕು ಹೆಜ್ಜಿ ನಡದು ಇಳಸ್ತಿದ್ದ. "ಚೀಲಕ್ಕಿಂತ ಹಗುರ ಅದಾಳ. ಉಣಸ್ರಿ ಇನ್ನೂ." ಎಲ್ಲಾರೂ ನಗತಿದ್ರು, ಮತ್ತ ರೊಟ್ಟಿ ಬರ್ತಿದ್ವು.

ದೀಪಾವಳಿ ಆದ ಮ್ಯಾಲ ನೀಲವ್ವ ಮತ್ತೊಮ್ಮೆ ಬಂದ್ಲು. ನಮ್ಮ ಸಾಲಿನ್ಯಾಗ ಅಕಿ ಊರ ಕಡೆಯವರ ಮನಿಗೆ ಬಂದಾಕಿ, ಬಯಲಿಗೆ ಹಾದು ನಿಂತು ನೋಡಿದ್ಲು. ಬೇರೆ ಸಂಘದಾಕಿ ಅಂತ ನಾವು ಆಟ ನಿಲ್ಲಿಸಿದ್ವಿ. ಅಕಿ ನನ್ನ ಮ್ಯಾಲಿಂದ ಕೆಳಗಿನ ತನಕ ನೋಡಿ, "ಭೀಮಣ್ಣಾ, ಹುಡುಗಿನ್ನ ತೂಗಿಸಿರೇನು?" ಅಂದ್ಲು.

"ವಾರಾ ತೂಗತೀನಿ" ಅಂದ ಕಾಕಾ, ಮತ್ತ ನನ್ನ ಎತ್ತಿ ತೋರಿಸಿದ.

ನೀಲವ್ವ ಅಂದ್ಲು, "ಅಣ್ಣಾ, ಚೀಲ ನಿನ್ನ ಕೊಳ್ಳ ಹಿಡಕೊಳ್ಳಂಗಿಲ್ಲ. ಇಕಿ ಹಿಡಕೊಂಡಾಳ. ಜೀವ ಇರೂದು ತಾನೂ ಅರ್ಧ ಹೊರ್ತದ, ಅದಕ್ಕ ಹಗುರ ಅನಸ್ತದ. ರಸ್ತಾದ ಮ್ಯಾಲ ಇದ್ದಲಿ ಮಾರೂ ಕೋಲ್ಸಾ ವಖಾರ ಅದ, ಅಲ್ಲಿ ದೊಡ್ಡ ಕಾಟಾ ಅದ. ಹೋಗಿ ನಿಲ್ಲಸ್ರಿ."

ಇದಕ್ಕ ಅವ್ವ ಎದ್ದು ಬಂದ್ಲು. ನಮ್ಮ ಕಡೆ ಬೆಳಿಯೂ ಮಕ್ಕಳನ್ನ, ಚೊಲೊ ಉಂಡು ಮೈ ತುಂಬಿದಾವರನ್ನ ತೂಗಂಗಿಲ್ಲ. ತೂಗಿದ್ರ ನೆದರು ಹತ್ತತದ, ಬೆಳಿಯೂದು ಅಲ್ಲಿಗೇ ನಿಲ್ತದ. "ಕೋಲ್ಸಾ ತೂಗೂ ಕಾಟಾದ ಮ್ಯಾಲ ನನ್ನ ಮಗಳನ್ನ ನಿಲ್ಲಸ್ತೀರೇನು? ಇಕಿ ಏನು ಬಕ್ರೀದಿನ ಕುರಿಯೇನು?" ಅಂದ್ಲು. ಆಮ್ಯಾಲ ನೀಲವ್ವನ ಕಡೆ ತಿರುಗಿ, "ನಿನ್ನ ಬ್ಯಾಡ ಅಂದ್ವಿ, ಅದಕ್ಕ ಕಣ್ಣ ಹಾಕಾಕ ಬಂದಿ" ಅಂದ್ಲು.

"ಯಕ್ಕಾ, ನಾ ಕಣ್ಣ ಹಾಕಿಲ್ಲ. ಕಣ್ಣಿಲೇ ನೋಡಿ ಹೇಳೀನಿ" ಅಂದು ನೀಲವ್ವ ಹೋದ್ಲು. ಅವತ್ತ ಅವ್ವ ನನ್ನ ಮುಂದ ಮೆಣಸಿನಕಾಯಿ ಉಪ್ಪು ನಿವಾಳಿಸಿ ಒಲ್ಯಾಗ ಹಾಕಿದ್ಲು. ಎಲ್ಲಾರೂ ಕೆಮ್ಮಿದ್ವಿ. ಮೆಣಸಿನಕಾಯಿ ಘಾಟು ಹೊಡದ್ರ ನೆದರು ಇಲ್ಲ ಅಂತ ಅರ್ಥ, ಹೊಡೀದಿದ್ರ ನೆದರು ಅದ ಅಂತ ಅರ್ಥ. ಅವ್ವಗ ಇದು ಗೊತ್ತಿತ್ತು. ಆದ್ರೂ ಮರುದಿನ ಸಾಲಿಗೆಲ್ಲ ನೀಲವ್ವನ ನೆದರು ತಗದೆ ಅಂತ ಹೇಳಿಕೋತ ಅಡ್ಡಾಡಿದ್ಲು.

ಟೂರ್ನಮೆಂಟಿನ ದಿನ ಮುಂಜಾನೆ ನಾವು ಕುರ್ಲಾ ಮೈದಾನಕ್ಕ ಹೋದ್ವಿ. ಪೆಂಡಾಲ್ ಮಗ್ಗಲಕ ರೇಶನ್ ಅಂಗಡಿಯಿಂದ ತಂದ ಕಾಟಾ ಇಟ್ಟಿದ್ರು. ನಮ್ಮಾವರು ಒಬ್ಬೊಬ್ಬರ ನಿಂತು ಇಳದ್ರು. ನಾ ನಿಂತೆ. ಕಾಟಾದಾಂವ ಕಲ್ಲು ಸರಿಸಿದ, ಮತ್ತ ಸರಿಸಿದ, "ದೀಡ್ ಕಿಲೋ ಜಾಸ್ತಿ" ಅಂದ. ಒಂದೂವರಿ ಕಿಲೋ. ಭೀಮಣ್ಣಕಾಕಾ ಕಾಟಾ ಸುಳ್ಳ ಅದ ಅಂದ. ಕಾಟಾದಾಂವ, "ಹಂಗಿದ್ರ ನೀವ ನಿಲ್ಲರಿ" ಅಂದ. ಕಾಕಾ ನಿಂತ. ಎಷ್ಟು ಬಂತೋ, ಸುಮ್ಮನ ಇಳದ. ಅಲ್ಲಿದ್ದ ಕಾರ್ಯಕರ್ತ ಒಬ್ಬಾಂವ ಚೊಲೊ ಮನಷಾ. "ನಿಮ್ಮ ಆಟ ಇಳಿಹೊತ್ತಿಗೆ ಅದ. ಅಲ್ಲಿ ತನಕ ಇಳಿಸಿಕೊಂಡು ಬರ್ರಿ, ಮತ್ತೊಮ್ಮೆ ನೋಡೂಣು" ಅಂದ.

ನಾವು ನಿಂತಲ್ಲೇ ನಿಂತ್ವಿ. ತೂಕ ಏರಿಸೂದು ನಮಗೆಲ್ಲ ಗೊತ್ತಿತ್ತು, ಇಳಿಸೂದು ಯಾರಿಗೂ ಗೊತ್ತಿರಲಿಲ್ಲ. ಘಾಟಕೋಪರದ ತಂಡದ ಜೋಡಿ ಪಾಳೆದಾಗ ನಿಂತಿದ್ದ ನೀಲವ್ವ ಅಲ್ಲಿಂದ ಹೇಳಿದ್ಲು. "ಕಂಬಳಿ ಹೊದಿಸಿ ಬಿಸಲಾಗ ಓಡಸ್ರಿ. ನೀರು ಕೊಡಬ್ಯಾಡ್ರಿ. ಬಾಯಾಗ ಹುಣಸಿಹಣ್ಣು ಇಟ್ಟು ಉಗುಳ್ಸ್ರಿ." ಅಕಿ ತಂಡದಾವರು ಅಕಿನ್ನ ಬೈದ್ರು. ಇಳಿಹೊತ್ತಿಗೆ ನಮ್ಮ ಆಟ ಇದ್ದದ್ದು ಅವರ ಮ್ಯಾಲೇ.

ಓಡಿದೆ. ಕಂಬಳಿ ಹೊತಗೊಂಡು ರೈಲ್ವೆ ಕಂಪೌಂಡಿನ ಮಗ್ಗಲಕ ಅತ್ತಿಂದಿತ್ತ ಓಡಿದೆ. ಸಾವಂತ್ರಿ ಜೋಡಿ ಓಡಿದ್ಲು. "ಓಡ, ಶಿವಪ್ಪಮಾವ ಹಿಂದ ಬಂದಾನ ನೋಡ" ಅಂತ ನಗಿಸಿದ್ಲು. ಹುಣಸಿಹಣ್ಣು ಕಚ್ಚಿ ಉಗುಳಿದೆ, ಉಗುಳಾಕ ಏನೂ ಉಳೀಲಾರದ ತನಕ. ಹಿಂಗ ಮೂರು ತಿಂಗಳ ಊಟ ಬೆವತು ಹೋತು. ಹೊಳ್ಳಿ ಕಾಟಾದ ಮ್ಯಾಲ ನಿಂತೆ. ಬಳಿ ತಗದ್ರು, ಬೆಂಡೋಲಿ ತಗದ್ರು, ಕೊಳ್ಳಾಗಿನ ತಾಯತ ತಗದ್ರು. ಇನ್ನೂ ಪಾವಕಿಲೋದಷ್ಟು ಇಳೀಬೇಕಿತ್ತು.

ನೀಲವ್ವ ನನ್ನ ಜಡಿ ನೋಡಿದ್ಲು. ನನ್ನ ಕೂದಲು ಮೊಣಕಾಲಿನ ಹಿಂದ ಬಡೀತಿದ್ವು. ಎಣ್ಣಿ ಕುಡದು ಬೆವರಿನಿಂದ ಹಸಿಯಾಗಿ ಹಗ್ಗದಂಗ ಆಗಿದ್ವು. ಅವ್ವ ಆ ನೋಟ ಹಿಡದ್ಲು. ಎದ್ದು ಹೋಗಿ ರಸ್ತಾದ ಬದೀಗೆ ಕುಂತಿದ್ದ ನಾವಿಗನ್ನ ಕರಕೊಂಡು ಬಂದ್ಲು. ಅಂವ ಹೆಣ್ಣುಮಗಳ ತಲಿಗೆ ಕತ್ರಿ ಹಚ್ಚಾಕ ಅಂಜಿದ. ಅವ್ವ ಕತ್ರಿ ಕಸಗೊಂಡು ಕುತ್ತಿಗಿ ಹತ್ತಿರ ತಾನ ಕತ್ತರಿಸಿದ್ಲು. ಮೂರು ಸಲ ಕತ್ರಿ ಹಾಕಬೇಕಾತು, ಅಷ್ಟು ದಪ್ಪ ಇತ್ತು ಜಡಿ. ಅತ್ತಳೇನು ಅಂತ ಕೇಳಬ್ಯಾಡ್ರಿ, ಅಳಲಿಲ್ಲ. "ನಿಲ್ಲು ಮ್ಯಾಲ" ಅಂದ್ಲು. ನಿಂತೆ. ಕಾಟಾ ಸಮ ಬಂತು.

ಆಟ ಹೇಳಾಕ ಬಹಳ ಇಲ್ಲ. ಕಾರ್ಖಾನಿ ಸಾಹೇಬ ಪೆಂಡಾಲಿನ ನೆಳ್ಳಾಗ ಖುರ್ಚಿ ಹಾಕಿಕೊಂಡು ಕುಂತಿದ್ದ, ಕರಿ ಕನ್ನಡಕ. ನಾ ಮೊದಲನೇ ಸಲ ಆ ಕಡೆ ನುಗ್ಗಿದಾಗ ಮೂಲಿ ನಿಂತಾಕಿನ್ನ ಮುಟ್ಟಿ ಬಂದೆ. ಅಂವ ಬಾಜೂದವಂಗ ಏನೋ ಕೇಳಿದ, ನನ್ನ ಕಡೆ ಬೆರಳ ಮಾಡಿದ. ಅವ್ವ ಅದನ್ನ ನೋಡಿದ್ಲು. ನಾನೂ ನೋಡಿದೆ.

ಎರಡನೇ ಸಲ ಹೋದಾಗ ನಡುವ ನೀಲವ್ವ ನಿಂತಿದ್ಲು. ಕೈ ಆಡಸ್ತಿದ್ಲು. ನಾ ಕೈ ನೋಡಲಿಲ್ಲ, ಹಿಮ್ಮಡಿ ನೋಡಿದೆ. ಹಿಮ್ಮಡಿ ನೆಲಕ್ಕ ಹತ್ತಿತ್ತು. ಜಿಗಿಯಂಗಿಲ್ಲ ಅಂತ ಇನ್ನೊಂದು ಹೆಜ್ಜಿ ಒಳಗ ಹೋದೆ. ಹಿಮ್ಮಡಿ ಎತ್ತಲಾರದನ ಹಂಗ ಕುಸದು ಕುಂತು ನನ್ನ ಎರಡೂ ಕಾಲು ಅಪ್ಪಿಕೊಂಡ್ಲು. ಉಳದ ಅರ್ಧ ಪಾಠ ಅದ ಇತ್ತು. ಮೂವರನ್ನ ಎಳಿಯೂ ಕಾಲು ನನ್ನವು, ಗೆರಿ ಒಂದು ಮಾರು ದೂರ ಇತ್ತು. ಎಳದೆ. ಆದ್ರ ಮುಂಜಾನೆಯಿಂದ ನೀರಿಲ್ಲದ ಗಂಟಲು. ಕಬಡ್ಡಿ ಕಬಡ್ಡಿ ಅನ್ನೂ ಬಾಯಿ ಒಣಗಿ ಅಂಟಿಕೊಂತು, ದಮ್ ಹರೀತು. ಔಟ್ ಅಂದ್ರು.

ಹೊರಗ ಕುಂತು ನೋಡಿದೆ. ಮುಂದ ಹೋಗಾಕಿ ಹೊರಗ ಕುಂತ್ರ ಉಳದಾವರು ಯಾರ ಮಾರಿ ನೋಡಬೇಕು. ಒಬ್ಬೊಬ್ಬರ ಬಂದು ನನ್ನ ಬಾಜೂಕ ಕುಂತ್ರು. ಮತ್ತ ಒಳಗ ಹೋದೆ, ಮತ್ತ ಹಿಡದ್ರು. ಕಡೀಕ ಸಾವಂತ್ರಿ ಒಬ್ಬಾಕಿ ಉಳದಿದ್ಲು, ಅಕಿ ಎಂದೂ ಮುಂದ ಹೋದಾಕಿ ಅಲ್ಲ, ಮಂದಿ ನಗೂ ಹಂಗ ಓಡಾಡಿ ಸಿಕ್ಕಳು. ಆಟ ಮುಗದ ಮ್ಯಾಲ ನೀಲವ್ವ ಲೋಟಾದಾಗ ನೀರು ತಂದು ಕೊಟ್ಲು. "ಸಾವಕಾಶ ಕುಡಿ, ಒಮ್ಮೆಲೆ ಕುಡದ್ರ ವಾಂತಿ ಆಗ್ತದ" ಅಂದ್ಲು. ಅಷ್ಟ ಮಾತು.

ಸಾಹೇಬ ನೀಲವ್ವನ್ನ ತಗೊಂಡ. ಮೂವತ್ತು ದಾಟಿದ ಕೂಸಿನ ತಾಯಿನ್ನ. ಭೀಮಣ್ಣಕಾಕಾ ಅವನ ಹತ್ತಿರ ಹೋಗಿ ನನ್ನ ತೋರಿಸಿದಾಗ, "ಅಚ್ಛೀ ಹೈ, ಕಚ್ಚೀ ಹೈ. ಅಗಲೇ ಸಾಲ್ ಲಾನಾ" ಅಂದನಂತ. ಹುಡುಗಿ ಚೊಲೊ ಅದಾಳ, ಇನ್ನೂ ಹಸಿ ಅದಾಳ, ಬರೂ ವರ್ಷ ಕರಕೊಂಡು ಬಾ ಅಂತ. ಅವನೂ ತಂಡ ಕಟ್ಟಾಂವ ಇದ್ದ. ಮೊದಲು ಗೊತ್ತಿದ್ದಾಕಿನ್ನ ತಗೊಂಡು, ಕಲಿಯಾಕಿನ್ನ ಆಮ್ಯಾಲ ತಗೊಳ್ಳೂ ಬುದ್ಧಿ ಅವಂಗ ಇತ್ತು. ಅದ ಬುದ್ಧಿ ನೀಲವ್ವ ನಮ್ಮ ಬಯಲಾಗ ನಿಂತು ಬಾಯಿಬಿಟ್ಟು ಹೇಳಿದ್ಲು. ನಮಗ ಬರೂ ವರ್ಷ ಅನ್ನೂದು ಇರಲಿಲ್ಲ. ಅವ್ವಗ ಸಂಕ್ರಾಂತಿ ತನಕ ಅಷ್ಟ ಇತ್ತು, ಭೀಮಣ್ಣಗ ಕಪ್ಪು ಗೆಲ್ಲೂ ತನಕ ಅಷ್ಟ ಇತ್ತು. ನೀಲವ್ವನ್ನ ತಗೊಂಡಿದ್ರ ಅಕಿ ಮುಂದ ಹೋಗಿ ಗೆಲ್ಲಿಸ್ತಿದ್ಲು, ನಾ ಬಾಜೂಕ ನಿಂತು ಎರಡೂ ಅರ್ಧ ಕಲೀತಿದ್ದೆ. ಯಾರೂ ನನ್ನ ಕುರಿ ಹಂಗ ಮೇಸೂದು ಬೇಕಿರಲಿಲ್ಲ. ಸಾಹೇಬ ಬಾಜೂ ನಿಂತಾಕಿನ್ನೂ ನೋಡ್ತಿದ್ದ. ಕಬಡ್ಡಿ ಬಲ್ಲಾಂವ ಎಲ್ಲಾರನ್ನೂ ನೋಡ್ತಾನ. ಇದನ್ನ ನಾ ಎಷ್ಟೋ ಸಲ ಎಣಿಸಿ ನೋಡೀನಿ, ಬ್ಯಾರೆ ಲೆಕ್ಕ ಬರಂಗಿಲ್ಲ.

ಉಂಡದ್ದಕ್ಕ ನನಗ ಹಳಹಳಿ ಇಲ್ಲ. ಸಾಲಿನ ಮಂದಿ ಅಷ್ಟು ಮನಸಿಟ್ಟು ಯಾರಿಗೂ ಉಣಸಿದ್ದು ನಾ ಆಮ್ಯಾಲ ಎಲ್ಲಿಯೂ ನೋಡಿಲ್ಲ.

ಸಂಕ್ರಾಂತಿ ಮುಗೀತು. ಊರಿಗೆ ಹೋದ್ವಿ. ಬೋಳು ಕುತ್ತಿಗಿ ಮದಲಗಿತ್ತಿನ್ನ ನೋಡಿ ಊರ ಹೆಂಗಸರು ಏನಾತು ಅಂತ ಕೇಳಿದ್ರು. ಅವ್ವ ವಿಷಮಜ್ವರ ಬಂದಿತ್ತು ಅಂದ್ಲು. ಶಿವಪ್ಪಮಾವ "ಕೂದಲು ಬೆಳೀತಾವ ಬಿಡು" ಅಂದ. ಅಂವ ಕೆಟ್ಟಾಂವ ಅಲ್ಲ, ಚೊಲೊ ಅಂತನೂ ಅನ್ನಂಗಿಲ್ಲ. ನಾಕು ಮಕ್ಕಳಾದ್ವು, ಎರಡು ಉಳದ್ವು. ಅಂವ ಸತ್ತ ಮ್ಯಾಲ ನಾ ಮಕ್ಕಳನ್ನ ಕಟಗೊಂಡು ಮತ್ತ ಮುಂಬೈಗೆ ಬಂದು ಘಮೇಲಾ ಹೊತ್ತೆ. ಅಷ್ಟೊತ್ತಿಗೆ ಖಾಡಿ ಬದಿ ಬಯಲಾಗ ಬಿಲ್ಡಿಂಗ್ ಏಳಾಕ ಹತ್ತಿತ್ತು. ಭೀಮಣ್ಣಕಾಕಾನ ಅದಕ್ಕ ಮುಕಾದಮ. ಆ ಸೋಲಿನ ಮ್ಯಾಲ ಅಂವ ತಂಡ ಕಟ್ಟಲಿಲ್ಲ. ನನ್ನ ನೋಡಿ, "ಬಾರವಾ ಕಾಶಿ, ಕೆಲಸ ಅದ" ಅಂದ. ನಾ ಆಡಿದ ಬಯಲಾಗ ನಾನ ಸ್ಲ್ಯಾಬ್ ಹಾಕಿದೆ.

ಅಲ್ಲೇ ಒಂದು ಮಧ್ಯಾಹ್ನ ಡಬ್ಬಿ ಬಿಚ್ಚಿ ಕುಂತಾಗ ಸಾವಂತ್ರಿ, ಅಕಿನೂ ಮುದುಕಿ ಆಗಾಕ ಬಂದಿದ್ಲು, ಒಂದು ಮಾತು ತಗದ್ಲು. ನನಗ ಗೊತ್ತದ ಅಂತ ತಿಳದು ಹೇಳಿದ್ಲು.

"ನೀಲಕ್ಕ ಬಂದಾಗ ನೀ ಇದ್ದಿದ್ರ ನಿನ್ನ ನಸೀಬ ಬ್ಯಾರೆ ಆಗ್ತಿತ್ತು ನೋಡ."

"ಯಾವಾಗ ಬಂದಿದ್ಲು?"

"ಮರುವರ್ಷ. ದೀಪಾವಳಿ ಮುಂದ. ಕಾರ್ಖಾನ್ಯಾಗ ಇನ್ನೊಂದು ಹುಡುಗಿನ್ನ ತಗೊಳ್ಳಾವರಿದ್ರಂತ, ಸಾಹೇಬಗ ನಿನ್ನ ಹೆಸರು ಹೇಳಿ ಒಪ್ಪಿಸಿ ಬಂದಿದ್ಲು. ನಿಮ್ಮವ್ವ ಹೇಳಲಿಲ್ಲೇನು?"

ನನ್ನ ಲಗ್ನ ಮಾಡಿ ಮುಂಬೈಗೆ ಹೊಳ್ಳಿ ಬಂದಿದ್ದ ಅವ್ವ ಹೇಳಿರಲಿಲ್ಲ. ಅವ್ವ ಸತ್ತು ಆವಾಗ ಎರಡು ವರ್ಷ ಆಗಿತ್ತು. ನೀಲವ್ವ ಕಾರ್ಖಾನಿ ಪಾತಳ ಸೀರಿ ಉಟಗೊಂಡು, ಮೂರು ಲೋಕಲ್ ಬದಲಿಸಿ ಬಂದು, ನಮ್ಮ ಬಾಗಲಾಗ ನಿಂತು ಕಾಶಿ ಎಲ್ಲಿ ಅಂತ ಕೇಳಿದ್ಲಂತ. ಅವ್ವ ಒಳಗ ಕರದು ಚಹಾ ಮಾಡಿ ಕೊಟ್ಟು, "ಲಗ್ನ ಆತು, ಏಳು ತಿಂಗಳ ಬಸರಿ" ಅಂದ್ಲಂತ. ನೀಲವ್ವ ಚಹಾ ಕುಡಿದು, ಬಶಿ ತೊಳದಿಟ್ಟು, ಸಾವಂತ್ರಿ ಮನಿಗೆ ಹೋಗಿ, "ಇನ್ಯಾರರ ಇದ್ರ ಹೇಳ, ಕಾಲು ಇರಾಕಿ" ಅಂದ್ಲಂತ.

"ಯಾರನ್ನ ಹೇಳಿದಿ?" ಅಂದೆ.

"ಯಾರಿದ್ರು? ಗಂಗಿ ಕೂಸು ಮೊಲಿ ಕುಡೀತಿತ್ತು, ನನಗ ಕಾಲಿರಲಿಲ್ಲ. ಯಾರೂ ಇಲ್ಲ ಅಂದೆ. ಲೋಕಲ್ ತಪ್ಪತದ ಅಂತ ಹೋದ್ಲು."

ನಾ ರೊಟ್ಟಿ ಮುರದೆ, ತಿಂದೆ. ಅವ್ವನ ಮ್ಯಾಲ ಸಿಟ್ಟ ಬಂತು, ಆಮ್ಯಾಲ ಹೋತು. ಅಕಿ ನನಗ ಸುದ್ದಿ ಕಳಿಸಿದ್ರ ಏನಾಗ್ತಿತ್ತು. ಏಳು ತಿಂಗಳ ಹೊಟ್ಟಿ ಹೊತಗೊಂಡು ಗೆರಿ ದಾಟತಿದ್ನೇನು. ಮುಕಾದಮ ಸೀಟಿ ಊದಿದ. ನಾವಿಬ್ಬರೂ ತಲಿಮ್ಯಾಲ ಸಿಂಬಿ ಇಟಗೊಂಡು ಎದ್ದು ಹೋದ್ವಿ.